ಜರ್ಮನ್ ಹೆಸರಿನ ಪಿಯಾನೋ ಅಂದರೆ ಒಳ್ಳೆಯದೇ ಇರುತ್ತದಾ? ಕೊಳ್ಳುವ ಮೊದಲು ಏನು ನೋಡಬೇಕು?

ಹೆಸರನ್ನೊಂದೇ ನಂಬಬೇಡಿ. ಹಳೆಯ ಯುರೋಪಿಯನ್ ಹೆಸರನ್ನು ಕೊಂಡುಕೊಂಡು, ಬೇರೆಲ್ಲೋ ತಯಾರಾದ ಪಿಯಾನೋ ಮೇಲೆ ಹಾಕುವುದು ಈ ವ್ಯಾಪಾರದಲ್ಲಿ ಮಾಮೂಲಿ. ರಿಟ್‌ಮುಲ್ಲರ್ 1795ರಲ್ಲಿ ಜರ್ಮನಿಯಲ್ಲಿ ಶುರುವಾದ ಹೆಸರು. ಇವತ್ತು ಅದನ್ನು ಮಾಡುವುದು ಚೀನಾದ ಪರ್ಲ್ ರಿವರ್ ಕಂಪನಿ. ಹಾಗಂತ ಕೆಟ್ಟದ್ದು ಅಂತಲ್ಲ. ಆದರೆ ಜರ್ಮನಿಯ ಬೆಲೆ ಕೊಡಬೇಕಾಗಿಲ್ಲ, ಅಷ್ಟೇ.

ಅಂಗಡಿಯವರನ್ನು ನೇರವಾಗಿ ಕೇಳಿ: ಯಾವ ಕಾರ್ಖಾನೆ, ಯಾವ ವರ್ಷ? ಒಳಗಿನ ಕಬ್ಬಿಣದ ಚೌಕಟ್ಟಿನ ಮೇಲೆ ಸಾಮಾನ್ಯವಾಗಿ ಸೀರಿಯಲ್ ನಂಬರ್ ಇರುತ್ತದೆ. ಎಷ್ಟೋ ಬ್ರ್ಯಾಂಡ್‌ಗಳಲ್ಲಿ ಅದರಿಂದಲೇ ವರ್ಷ ತಿಳಿಯುತ್ತದೆ.

ಆಮೇಲೆ ಸೌಂಡ್‌ಬೋರ್ಡ್, ಅಂದರೆ ತಂತಿಗಳ ಕಂಪನವನ್ನು ದೊಡ್ಡದು ಮಾಡುವ ಮರದ ಹಲಗೆ. ನಾದ ತುಂಬಿ ಬರುವುದು ಅಲ್ಲಿಂದಲೇ. ಇಡಿಯಾದ ಸ್ಪ್ರೂಸ್ ಮರವೋ, ಪ್ಲೈವುಡ್ ತರಹ ಪದರ ಅಂಟಿಸಿದ್ದೋ? ಪದರದ್ದು ಬೇಗ ಬಿರುಕು ಬಿಡಲ್ಲ, ಮಳೆಗಾಲದ ತೇವಕ್ಕೂ ಅಷ್ಟಾಗಿ ಬಗ್ಗಲ್ಲ. ಆದರೂ ನಾದಕ್ಕೆ ಇಡೀ ಮರವೇ ಮೇಲು ಅಂತ ನನ್ನ ಕಿವಿ ಹೇಳುತ್ತದೆ.

88 ಕೀಗಳನ್ನೂ ಒಂದೊಂದಾಗಿ, ತೀರಾ ಮೆಲ್ಲಗೆ ಒತ್ತಿ. ಜೋರಾಗಿ ಬಾರಿಸಿದರೆ ಎಲ್ಲ ಪಿಯಾನೋನೂ ಚೆನ್ನಾಗೇ ಕೇಳುತ್ತದೆ! ಮೆಲ್ಲಗೆ ಒತ್ತಿದಾಗ ಕೆಲವು ಸ್ವರ ನುಂಗಿಹೋದರೆ ಒಳಗಿನ ಹೊಂದಿಕೆ ಸರಿಯಿಲ್ಲ ಅಂತ ಅರ್ಥ. ಹಳೆಯದಾದರೆ ಪಿಯಾನೋ ಶ್ರುತಿ ಮಾಡುವ ಟ್ಯೂನರ್ ಒಬ್ಬರನ್ನು ಕರೆದೊಯ್ಯಿರಿ. ತಂತಿ ಸುತ್ತಿರುವ ಶ್ರುತಿಯ ಪಿನ್ನುಗಳು ಸಡಿಲವಾಗಿದ್ದರೆ ಶ್ರುತಿ ನಿಲ್ಲಲ್ಲ, ಸುಮ್ನೆ ವಾಪಸ್ ಬನ್ನಿ.