ಮನೆಯ ಇಂಟರ್ನೆಟ್ ಕ್ಯಾಮೆರಾ ಹ್ಯಾಕರ್‌ಗಳಿಗೆ ಅಷ್ಟು ಸುಲಭವಾಗಿ ಸಿಗುವುದೇಕೆ?

ಬಹುಪಾಲು ಕಾರಣ ತೀರ ಸರಳವಾದುದು: ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಯಾರೂ ಬದಲಾಯಿಸಿರುವುದಿಲ್ಲ. ಒಂದೇ ಮಾದರಿಯ ಸಾವಿರಾರು ಕ್ಯಾಮೆರಾಗಳು ಒಂದೇ ಪಾಸ್‌ವರ್ಡಿನೊಂದಿಗೆ ಮಾರಾಟವಾದಾಗ, ಅದನ್ನು ತಿಳಿದವನು ಯಾವ ಬೀಗವನ್ನೂ ಮುರಿಯಬೇಕಾಗಿಲ್ಲ. ಇಂಟರ್ನೆಟ್ ವಿಳಾಸಗಳನ್ನು ಒಂದೊಂದಾಗಿ ತಡಕಿ ಅದೇ ಕೀಲಿಯನ್ನು ಹಾಕಿ ನೋಡುವ ಕೆಲಸವನ್ನು ಸಣ್ಣದೊಂದು ಪ್ರೋಗ್ರಾಂ ತಾನೇ ಮಾಡುತ್ತದೆ. 2016ರಲ್ಲಿ ಹರಡಿದ ಮಿರಾಯ್ ಎಂಬ ಕುತಂತ್ರಾಂಶವು ಸುಮಾರು 60 ಇಂಥ ಸಿದ್ಧ ಪಾಸ್‌ವರ್ಡುಗಳ ಪಟ್ಟಿಯಿಂದಲೇ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡಿತ್ತು. ಆ ಅಕ್ಟೋಬರ್‌ನಲ್ಲಿ ಅಂಥ ಉಪಕರಣಗಳ ಪಡೆಯೊಂದು ಟ್ವಿಟರ್‌ನಂಥ ತಾಣಗಳನ್ನೇ ಅನೇಕರಿಗೆ ಕೆಲವು ಗಂಟೆ ಎಟುಕದಂತೆ ಮಾಡಿತು. ಪಾಸ್‌ವರ್ಡ್ ಬದಲಿಸಿದರೆ ಈ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಆದರೆ ತಯಾರಕರು ಅಪ್‌ಡೇಟ್ ನಿಲ್ಲಿಸಿದ ಹಳೆಯ ಉಪಕರಣದ ದೋಷಗಳು ಹಾಗೆಯೇ ಉಳಿಯುವುದರಿಂದ, ಅದನ್ನು ಬಳಸಲೇಬೇಕಿದ್ದರೆ, ಫೋನು, ಕಂಪ್ಯೂಟರುಗಳಿರುವ ಜಾಲದಿಂದ ಬೇರ್ಪಡಿಸಿ ಅತಿಥಿ ವೈಫೈಗೆ ಜೋಡಿಸುವುದು ಲೇಸು.