ಬೆಕ್ಕು ಬೈಯಲಿಲ್ಲ

ಓದುಗರ ಪತ್ರ:
ಸಂಪಾದಕರಿಗೆ ನಮಸ್ಕಾರ. ನಾವು ಮಂಡ್ಯದವರು. ಮೊನ್ನೆ ತಾನೇ ಬಣ್ಣ ಹೊಡೆಸಿದ ಹಾಲಿನ ಗೋಡೆಯ ಮೇಲೆ ಆರು ವರ್ಷದ ಮಗ ಕ್ರೇಯಾನ್‌ನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಬರೆದಿದ್ದಾನೆ. ಬರೆಯೋದಾದರೆ ನೆಟ್ಟಗೆ ಬರೆಯಲಿ, ಡ್ರಾಯಿಂಗ್ ಕ್ಲಾಸಿಗೆ ಹಾಕೋಣ ಅಂತ ಯಜಮಾನರು. ಗೋಡೆ ಗೀಚಿದರೆ ಮನೆಗೆ ಸಾಲ ಬರುತ್ತೆ ಅಂತ ಅತ್ತೆ. ಒಂಬತ್ತು ವರ್ಷದ ಮಗಳು ಓದುತ್ತಿರುವುದು ಇಂಗ್ಲಿಷ್ ಮೀಡಿಯಂನಲ್ಲಿ. ಬೇಸಿಗೆ ರಜೆಯಲ್ಲಿ ತಾನಾಗಿಯೇ ಕನ್ನಡದಲ್ಲಿ ಡೈರಿ ಬರೆಯಲು ಶುರುಮಾಡಿದಳು. ತಪ್ಪು ಜಾಸ್ತಿ. ದಿನಾ ರಾತ್ರಿ ಕೆಂಪು ಪೆನ್ನಿನಲ್ಲಿ ತಿದ್ದಿ ಕೊಡುತ್ತಿದ್ದೆ. ಹನ್ನೆರಡನೇ ದಿನಕ್ಕೆ ಬರೆಯೋದನ್ನೇ ಬಿಟ್ಟಳು. ಮಕ್ಕಳನ್ನು ತಿದ್ದಬೇಕೋ, ಬಿಡಬೇಕೋ? ಗೋಡೆಯ ಫೋಟೊ ಮತ್ತು ಡೈರಿಯ ಒಂದು ಹಾಳೆ ಜೊತೆಗಿಟ್ಟಿದ್ದೇನೆ.
– ಒಬ್ಬ ತಾಯಿ, ಮಂಡ್ಯ

ಸಂಪಾದಕರ ಉತ್ತರ:
ನಿಮ್ಮ ಪತ್ರ ಓದಿದ್ದು ಒಂದು ಸಲ, ಜೊತೆಗಿದ್ದ ಡೈರಿ ಹಾಳೆ ಓದಿದ್ದು ಹತ್ತು ಸಲ. ಆಫೀಸಿನಲ್ಲಿ ಎಲ್ಲರಿಗೂ ಓದಿ ಹೇಳಿದ್ದೇನೆ, ಕಾಫಿ ತರುವ ಹುಡುಗನಿಗೂ. ಬೇರೆ ಓದುಗರಿಗೂ ಗೊತ್ತಾಗಲಿ ಅಂತ ಇದ್ದ ಹಾಗೇ ಇಲ್ಲಿ ಇಳಿಸುತ್ತೇನೆ, ನಿಮ್ಮ ಮಗಳು ಬೇಜಾರು ಮಾಡಿಕೊಳ್ಳಬಾರದು.

"ಇವತು ಅಜಿ ಮನೆಲಿ ಆಲು ಉಕಿತು. ಅಜಿ ನನಗೆ ಬೈದರು. ಉಳಿದಿದು ಬೆಕಿಗೆ ಹಾಕಿದೆ. ಬೆಕು ಬೈಲಿಲ."

ಇಷ್ಟರಲ್ಲಿ ನೀವು ಹತ್ತು ಕಡೆ ಕೆಂಪು ಸುತ್ತು ಹಾಕಿದ್ದೀರಿ. ಎಣಿಸಿದೆ. ಒತ್ತಕ್ಷರ ಬಿಟ್ಟಿದ್ದಕ್ಕೆ, ಹಾಲು ಆಲು ಆಗಿದ್ದಕ್ಕೆ, ಮನೆಯಲ್ಲಿ ಅನ್ನೋದು ಮನೆಲಿ ಆಗಿದ್ದಕ್ಕೆ. ಎಲ್ಲಾ ಸರಿ, ಒಂದು ಸುತ್ತೂ ತಪ್ಪಿಲ್ಲ. ಆದರೆ ತಾಯೀ, "ಬೆಕ್ಕು ಬೈಯಲಿಲ್ಲ" ಅಂತ ಬರೆದ ಮಗುವಿಗೆ ನೀವು ಹೇಳಿದ್ದು ಬರೀ ಕ ಒತ್ತು, ಲ ಒತ್ತು ಎಲ್ಲಿ ಹೋಯಿತು ಅಂತ ಮಾತ್ರವಾ? ಮೂವತ್ತು ವರ್ಷದಿಂದ ಕಥೆಗಳ ಹಸ್ತಪ್ರತಿ ನೋಡುತ್ತಿದ್ದೇನೆ. ಇಷ್ಟು ಚಿಕ್ಕದರಲ್ಲಿ ಇಷ್ಟು ಹೇಳಿ ನಿಲ್ಲಿಸೋಕೆ ಗೊತ್ತಿರುವವರು ತಿಂಗಳಿಗೆ ಒಬ್ಬರು ಸಿಕ್ಕರೆ ನಮ್ಮ ಪುಣ್ಯ.

ನಿಮ್ಮ ಯಜಮಾನರ ಮಾತಲ್ಲೂ ಹುರುಳಿದೆ, ಇಲ್ಲ ಅನ್ನುವುದಿಲ್ಲ. ಬಣ್ಣದ ಡಬ್ಬಕ್ಕೆ, ಪೇಂಟರ್ ಕೂಲಿಗೆ ದುಡ್ಡು ಕೊಟ್ಟವರು ಅವರು. ಕಾಗುಣಿತ, ಒತ್ತಕ್ಷರ ಮಕ್ಕಳಿಗೆ ಬರಬೇಕು, ಬರದಿದ್ದರೆ ನನ್ನಂಥವನ ಹೊಟ್ಟೆಪಾಡು ನಡೆಯುವುದಿಲ್ಲ. ಒಪ್ಪಿದೆ. ಇನ್ನು ನನ್ನ ಮಾತು ಕೇಳಿ.

ಆಲು ಅಂತ ಬರೆದಳಲ್ಲ, ಅದು ಅವಳ ಕಿವಿ ಚೆನ್ನಾಗಿದೆ ಅನ್ನೋದಕ್ಕೆ ಸಾಕ್ಷಿ. ನಮ್ಮ ಕಡೆ ಹಾಲನ್ನು ಹಾಲು ಅನ್ನುವವರು ಎಷ್ಟು ಜನ? ಅಜ್ಜಿ ಆಲು ಅಂದಿದ್ದಾರೆ, ಮಗು ಆಲು ಕೇಳಿಸಿಕೊಂಡಿದೆ, ಆಲು ಬರೆದಿದೆ. 1971ರಲ್ಲಿ ಅಮೆರಿಕದ ಭಾಷಾ ವಿದ್ವಾಂಸ ಚಾರ್ಲ್ಸ್ ರೀಡ್, ಇನ್ನೂ ಶಾಲೆಗೆ ಹೋಗದ ಮಕ್ಕಳು ತಾವೇ ಅಕ್ಷರ ಕೂಡಿಸಿ ಬರೆದದ್ದನ್ನೆಲ್ಲ ಕೂತು ನೋಡಿದರು. ಆ ತಪ್ಪುಗಳು ಬಾಯಿಗೆ ಬಂದ ಹಾಗೆ ಆದವಲ್ಲ, ಕಿವಿಗೆ ಬಿದ್ದ ಸದ್ದಿನ ಲೆಕ್ಕದಲ್ಲೇ ಆದವು ಅಂತ ಅವರಿಗೆ ಕಂಡಿತು. ನಿಮ್ಮ ಮಗಳದ್ದೂ ಅದೇ ಲೆಕ್ಕ. ಹ-ಕಾರದ ವಿಷಯದಲ್ಲಿ ಮಕ್ಕಳನ್ನು ಜಾಸ್ತಿ ಹೆದರಿಸಿದರೆ ಏನಾಗುತ್ತೆ ಗೊತ್ತಲ್ಲ? ಅನ್ನಕ್ಕೆ ಹಕ್ಕಿ ಹಾಕುತ್ತಾರೆ, ಹಕ್ಕನ ಮದುವೆಗೆ ಹೋಗಿ ಬರುತ್ತಾರೆ.

ನಾನೂ ಈ ಪಾಪ ಮಾಡಿದವನೇ. ನನ್ನ ಮಗನಿಗೆ ಏಳು ವರ್ಷ ಇದ್ದಾಗ ಪಾಂಡವಪುರದ ಹತ್ತಿರ ಹಳ್ಳಿಯಲ್ಲಿದ್ದ ನಮ್ಮ ಅವ್ವನಿಗೆ ಒಂದು ಇನ್‌ಲ್ಯಾಂಡ್ ಲೆಟರ್ ಬರೆದ. "ಅಜಿ ಹಲು ಬಿತು ಬಾ." ಅಷ್ಟೇ. ಸಂಪಾದಕನ ಮಗ ಹೀಗೆ ಬರೆಯೋದಾ ಅಂತ ನನಗೆ ಮಾನ ಹೋದಂತಾಯಿತು. ಹೊಸದೊಂದು ತಂದು, ಪಕ್ಕದಲ್ಲಿ ಕೂರಿಸಿಕೊಂಡು, ಪೂಜ್ಯ ಅಜ್ಜಿಯವರಿಗೆ ನಿಮ್ಮ ಮೊಮ್ಮಗ ಮಾಡುವ ನಮಸ್ಕಾರಗಳು, ನಾವೆಲ್ಲರೂ ಕ್ಷೇಮ ಅಂತೆಲ್ಲ ಬರೆಸಿ ಕಳಿಸಿದೆ. ಮುಂದಿನ ಸಲ ಊರಿಗೆ ಹೋದಾಗ ಅವ್ವ ಆ ಕಾಗದ ಹಿಡಿದು, "ಇದು ಕೂಸು ಬರ್ದಿದ್ದಾ, ನೀನು ಬರ್ದಿದ್ದಾ?" ಅಂದಳು. ನಾಲ್ಕನೇ ಕ್ಲಾಸು ಓದಿದವಳು ಒಂದೇ ಏಟಿಗೆ ಹಿಡಿದಿದ್ದಳು. ಮೊದಲನೇ ಕಾಗದವನ್ನು ನಾನು ಹರಿದು ಹಾಕಿದ್ದೆ. ಆಮೇಲೆ ಅವನು ಅವ್ವನಿಗೆ ತಾನಾಗಿ ಬರೆದದ್ದು ನನಗೆ ನೆನಪಿಲ್ಲ. ಫೋನ್ ಬಂತು, ಅದೂ ಒಂದು ನೆಪ.

ಈಗ ಗೋಡೆಗೆ ಬರೋಣ. ಅತ್ತೆಯವರಿಗೆ ನಮಸ್ಕಾರ ಹೇಳಿ, ನಮ್ಮವ್ವನೂ ನೆಲ ಗೀಚಿದರೆ ಸಾಲ ಅಂತಿದ್ದಳು. ಆದರೆ ಮೈಸೂರಿನಲ್ಲೇ ಒಂದು ಮನೆ ಇತ್ತು, ಅಲ್ಲೊಬ್ಬ ಹುಡುಗ ನೆಲ, ಗೋಡೆ, ಬಾಗಿಲು ಯಾವುದನ್ನೂ ಬಿಡದೆ ಗೀಚಿದ. 1921ರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್. ಶಾಲೆಯಲ್ಲಿ ಎಲೆ ಬರೆಯಿರಿ ಅಂದಾಗ ಇವರು ಅರಳಿ ಎಲೆ ಬರೆದರಂತೆ, ಮೇಷ್ಟ್ರು ಮೆಚ್ಚಿಕೊಂಡರಂತೆ. ಆ ಒಂದು ಮೆಚ್ಚುಗೆಯನ್ನು ಮುಪ್ಪಿನವರೆಗೂ ನೆನೆಯುತ್ತಿದ್ದರು. ಮುಂಬಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರೆ, ನಿಮ್ಮಲ್ಲಿ ನಮಗೆ ಬೇಕಾದಂಥ ಪ್ರತಿಭೆ ಇಲ್ಲ ಅಂತ ಉತ್ತರ ಬಂತು. ಸರಿ, ಇಲ್ಲೇ ಮಹಾರಾಜ ಕಾಲೇಜಿನಲ್ಲಿ ಓದಿದರು, ಕೊರವಂಜಿ ಪತ್ರಿಕೆಗೆ ವ್ಯಂಗ್ಯಚಿತ್ರ ಬರೆದರು, ಆಮೇಲಿನದು ನಿಮಗೇ ಗೊತ್ತು. ಗೋಡೆ ಗೀಚಿದವರೆಲ್ಲ ಲಕ್ಷ್ಮಣ್ ಆಗುತ್ತಾರೆ ಅಂತ ನಾನು ಹೇಳುತ್ತಿಲ್ಲ, ಆಗಬೇಕಾಗಿಯೂ ಇಲ್ಲ. ನಿಮ್ಮ ಮಗ ನಾಳೆ ಟ್ರ್ಯಾಕ್ಟರ್ ಮೆಕ್ಯಾನಿಕ್ ಆದರೂ ಈ ಗೋಡೆ ದಂಡವಲ್ಲ.

ಚಿತ್ರವನ್ನೇ ನೋಡಿ. ಡ್ರೈವರ್ ದೊಡ್ಡವನು, ಟ್ರ್ಯಾಕ್ಟರ್ ಚಿಕ್ಕದು. ಟ್ರೇಲರ್ ಒಳಗಿರುವ ಕಬ್ಬಿನ ಜಲ್ಲೆಗಳೆಲ್ಲ ಹೊರಗೇ ಕಾಣುತ್ತವೆ, ಪಕ್ಕದ ಹಲಗೆ ಗಾಜಿನದೇನೋ ಅನ್ನುವ ಹಾಗೆ. ಇದಕ್ಕೆ ನಿಮ್ಮ ಯಜಮಾನರು "ನೆಟ್ಟಗಿಲ್ಲ" ಅನ್ನುತ್ತಾರೆ. ವಿಕ್ಟರ್ ಲೋವೆನ್‌ಫೆಲ್ಡ್ ಅಂತ ಒಬ್ಬರು ಆಸ್ಟ್ರಿಯಾದವರು, ಆಮೇಲೆ ಅಮೆರಿಕದಲ್ಲಿ ಮೇಷ್ಟ್ರಾಗಿದ್ದವರು, ಮಕ್ಕಳ ಚಿತ್ರಗಳನ್ನು ಜೀವಮಾನವಿಡೀ ನೋಡಿದರು. ಎರಡರಿಂದ ನಾಲ್ಕು ವರ್ಷದವರೆಗೆ ಸುಮ್ನೆ ಗೀಚಾಟ. ನಾಲ್ಕರ ಹೊತ್ತಿಗೆ ಮನುಷ್ಯ ಬರುತ್ತಾನೆ, ಆದರೆ ಅವನಿಗೆ ಹೊಟ್ಟೆ ಇರುವುದಿಲ್ಲ, ತಲೆಯಿಂದಲೇ ಕಾಲು ಇಳಿದಿರುತ್ತದೆ. ಮುಂದೆ ಮಗುವಿಗೆ ಯಾವುದು ಮುಖ್ಯವೋ ಅದು ದೊಡ್ಡದಾಗುತ್ತದೆ, ಒಳಗಿರುವುದು ಹೊರಗೆ ಕಾಣುತ್ತದೆ. ಬಸ್ಸಿನೊಳಗಿನ ಜನರ ಕಾಲೂ ಕಾಣುತ್ತದೆ, ಬಸುರಿಯ ಹೊಟ್ಟೆಯೊಳಗಿನ ಕೂಸೂ ಕಾಣುತ್ತದೆ. ಕಣ್ಣಿಗೆ ಕಂಡದ್ದಲ್ಲ, ಗೊತ್ತಿರುವುದನ್ನು ಬರೆಯುವ ವಯಸ್ಸು ಅದು. ಕಬ್ಬು ಒಳಗಿದೆ ಅಂತ ನಿಮ್ಮ ಮಗನಿಗೆ ಗೊತ್ತು, ಬರೆದ. ಒಂಬತ್ತು ಹತ್ತಕ್ಕೆ ಬಂದಾಗ ಮಕ್ಕಳೇ ತಮ್ಮ ಚಿತ್ರ ನೋಡಿ "ಛೇ, ನಿಜದ ಥರ ಇಲ್ಲ" ಅನ್ನಲು ಶುರುಮಾಡುತ್ತಾರೆ, ಬಹಳ ಮಕ್ಕಳು ಪೆನ್ಸಿಲ್ ಕೆಳಗಿಡೋದು ಆಗಲೇ. ಆ ಹೊತ್ತಿನಲ್ಲಿ ಮಗುವೇ ಕೇಳಿದರೆ ಒಳ್ಳೆಯ ಮೇಷ್ಟ್ರ ಹತ್ತಿರ ಖಂಡಿತ ಕಳಿಸಿ, ಅಂಥವರು ಇದ್ದಾರೆ. ಆರು ವರ್ಷಕ್ಕೆ ಬೇಡ. ಬಣ್ಣ ತುಂಬುವ ಪುಸ್ತಕವಂತೂ ಬೇಡವೇ ಬೇಡ, ಲೋವೆನ್‌ಫೆಲ್ಡ್‌ಗೂ ಅವುಗಳ ಮೇಲೆ ಸಿಟ್ಟಿತ್ತು, ನನಗೂ ಇದೆ. ಗೆರೆ ದಾಟಬಾರದು ಅನ್ನೋದೊಂದೇ ಅದರ ಪಾಠ.

ಯಾಕೆ ಇಷ್ಟು ಕೂಗಾಡುತ್ತಿದ್ದೇನೆ ಅಂದರೆ, ನಮ್ಮ ಮಕ್ಕಳ ಪುಟಕ್ಕೆ ಬರುವ ಲಕೋಟೆಗಳನ್ನು ಒಡೆಯೋದು ನಾನೇ. ಬಹುಪಾಲು ಚಿತ್ರ ಒಂದೇ. ಎರಡು ತ್ರಿಕೋನ ಬೆಟ್ಟ, ನಡುವೆ ಹುಟ್ಟುವ ಸೂರ್ಯ, ಕೆಳಗೆ ನದಿ, ಪಕ್ಕದಲ್ಲಿ ಕೆಂಪು ಹೆಂಚಿನ ಮನೆ, ಬಾಗಿದ ತೆಂಗಿನಮರ, ಮೇಲೆ ಇಂಗ್ಲಿಷಿನ ಎಂ ಅಕ್ಷರದ ಹಕ್ಕಿಗಳು. ಇದಕ್ಕೆ "ಸೀನರಿ" ಅಂತ ಹೆಸರು. ಸ್ವಾಮಿ, ಮಂಡ್ಯದ ಮಗು ಈ ತ್ರಿಕೋನ ಬೆಟ್ಟ ನೋಡಿದ್ದು ಯಾವಾಗ? ಕುಂತಿಬೆಟ್ಟ ಇದೆ, ಬಂಡೆಯೇ ಬಂಡೆ. ನಮ್ಮ ಚಾಮುಂಡಿ ಬೆಟ್ಟ ಮಲಗಿದ ಎಮ್ಮೆಯ ಬೆನ್ನಿನ ಹಾಗಿದೆ. ವಿಶ್ವೇಶ್ವರಯ್ಯ ನಾಲೆ, ಆಲೆಮನೆಯ ಹೊಗೆ, ಗದ್ದೆ ಬದುವಿನ ಕೊಕ್ಕರೆ, ಸಂತೆಯ ಕುರಿಗಳು, ಯಾವುದೂ ಆ ಹಾಳೆಗೆ ಬರುವುದಿಲ್ಲ. ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದು ಬರುತ್ತೆ, ಈಗ ಯೂಟ್ಯೂಬ್ ನೋಡಿ ಬರೆದದ್ದು ಬರುತ್ತೆ. ಕೆಲವು ಲಕೋಟೆಗಳಲ್ಲಿ ಅಪ್ಪನ ಕೈ, ಅಮ್ಮನ ಕೈ ಎದ್ದು ಕಾಣುತ್ತದೆ, ಹೆಸರು ಮಾತ್ರ ಒಂದನೇ ತರಗತಿಯದು. ನಿಮ್ಮ ಮಗನ ಟ್ರ್ಯಾಕ್ಟರ್ ಬಂದ ದಿನ ಆಫೀಸಿಗೆ ಹಬ್ಬ ಆದದ್ದು ಸುಮ್ನೆ ಅಲ್ಲ.

ಇದು ಬರೀ ತಂದೆತಾಯಿಗಳ ತಪ್ಪೂ ಅಲ್ಲ ಬಿಡಿ. ಶಾಲೆಯ ಡ್ರಾಯಿಂಗ್ ಪೀರಿಯಡ್ ಅಂದರೆ ಗಣಿತದ ಮೇಷ್ಟ್ರು ಪೋರ್ಷನ್ ಮುಗಿಸಿಕೊಳ್ಳುವ ಪೀರಿಯಡ್ ಅಂತಲೇ ಆಗಿದೆ. ಪ್ರಾಜೆಕ್ಟ್ ಕೊಡುತ್ತಾರೆ, ಸ್ಟೇಷನರಿ ಅಂಗಡಿಯಲ್ಲಿ ಜ್ವಾಲಾಮುಖಿ ರೆಡಿಮೇಡ್ ಸಿಗುತ್ತೆ, ಹೆಸರಿನ ಚೀಟಿ ಅಂಟಿಸಿದರೆ ಆಯಿತು. ಸ್ಪರ್ಧೆಗಳ ಕಥೆ ಬೇರೆ. ಹೊರಗೆ ಕುರ್ಚಿ ಹಾಕಿಕೊಂಡು ಕೂತ ತಾಯಂದಿರು ಕಿಟಕಿಯಲ್ಲಿ ಕೈಸನ್ನೆ ಮಾಡುವುದನ್ನು ತೀರ್ಪುಗಾರನಾಗಿ ನೋಡಿದ್ದೇನೆ, ಆಮೇಲೆ ಆ ಕೆಲಸಕ್ಕೆ ಹೋಗಿಲ್ಲ.

ಲಕ್ಷ್ಮಣ್ ಅವರ ಅಣ್ಣ ಆರ್.ಕೆ. ನಾರಾಯಣ್ 1986ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡವರು. ಅಲ್ಲಿ ಅವರು ಎದ್ದು ಮಾತಾಡಿದ್ದು ಯಾವುದರ ಬಗ್ಗೆ ಗೊತ್ತಾ? ಮಕ್ಕಳ ಸ್ಕೂಲ್ ಬ್ಯಾಗಿನ ಭಾರದ ಬಗ್ಗೆ. ಬೆನ್ನು ಬಾಗಿ, ಕೈ ಜೋತುಬಿಟ್ಟುಕೊಂಡು ಚಿಂಪಾಂಜಿ ಥರ ಆಗಿದ್ದಾರೆ ನಮ್ಮ ಮಕ್ಕಳು ಅಂದರು. ಸರ್ಕಾರ ಪ್ರೊಫೆಸರ್ ಯಶ್ ಪಾಲ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು, 1993ರಲ್ಲಿ ವರದಿ ಬಂತು. ನಮ್ಮ ಬೀದಿಯಲ್ಲಿ ಬೆಳಿಗ್ಗೆ ಎಂಟಕ್ಕೆ ವ್ಯಾನ್ ಹತ್ತುವ ಮಕ್ಕಳ ಬೆನ್ನು ನೋಡಿದರೆ ಆ ವರದಿಯನ್ನೂ ಬ್ಯಾಗಿನೊಳಗೇ ತುರುಕಿದ್ದಾರೇನೋ ಅನ್ನಿಸುತ್ತೆ.

ಎಲ್ಲಿಗೋ ಹೋದೆ. ಮನೆಯಲ್ಲಿ ಏನು ಮಾಡಬೇಕು ಅಂತ ಕೇಳಿದ್ದೀರಿ. ಜಾಸ್ತಿ ಖರ್ಚಿಲ್ಲ. ಹಾಲಿನ ಗೋಡೆ ಬೇಡವಾದರೆ ಹಿತ್ತಿಲ ಕಡೆಯದೊಂದು ಗೋಡೆ, ನೆಲದಿಂದ ಮೂರಡಿ, ಅವನ ಹೆಸರಿಗೆ ಬರೆದುಕೊಡಿ. ಹಳೇ ಕ್ಯಾಲೆಂಡರುಗಳ ಬೆನ್ನು ಬಿಳಿಯಾಗಿ ಖಾಲಿ ಇರುತ್ತದೆ. ಹೊಸ ವರ್ಷಕ್ಕೆ ಮುಖಂಡರು ಹಂಚಿದ್ದು ಪ್ರತಿ ಮನೆಯಲ್ಲೂ ನಾಲ್ಕೈದು ಇದ್ದೇ ಇರುತ್ತವೆ, ಅದಕ್ಕಿಂತ ಒಳ್ಳೆಯ ಉಪಯೋಗ ನನಗೆ ತೋಚುತ್ತಿಲ್ಲ. ರೆಡ್ ಆಕ್ಸೈಡ್ ನೆಲ ಇದ್ದರೆ ಸೀಮೆಸುಣ್ಣ ಕೊಡಿ. ಅತ್ತೆಯವರು ಬೆಳಿಗ್ಗೆ ರಂಗೋಲಿ ಬಿಡುವಾಗ ಒಂದು ಮೂಲೆಯನ್ನು ಮಕ್ಕಳಿಗೆ ಬಿಡಲಿ, ಗಂಡುಮಗುವಿಗೂ. ಹಾಲಿನ ಗೋಡೆಯ ಕ್ರೇಯಾನನ್ನು ಒದ್ದೆ ಬಟ್ಟೆಗೆ ಸ್ವಲ್ಪ ಅಡುಗೆ ಸೋಡ ಹಾಕಿ ಮೆತ್ತಗೆ ಉಜ್ಜಿದರೆ ಸಾಕಷ್ಟು ಹೋಗುತ್ತದೆ. ಆದರೆ ದಮ್ಮಯ್ಯ, ಈಗಲೇ ಉಜ್ಜಬೇಡಿ. ಅವನ ಚಿತ್ರ ನೋಡಿ "ಇದೇನೋ ಇದು?" ಅನ್ನಬೇಡಿ. "ಇಲ್ಲಿ ಏನು ನಡೀತಿದೆ ಹೇಳು" ಅನ್ನಿ, ಆಮೇಲೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ.

ಮಗಳ ವಿಷಯ ಸ್ವಲ್ಪ ಸೂಕ್ಷ್ಮ. ಇಂಗ್ಲಿಷ್ ಮೀಡಿಯಂ ಹುಡುಗಿ ತಾನಾಗಿ ಕನ್ನಡದಲ್ಲಿ ಬರೆಯಲು ಕೂತಿದ್ದಾಳೆ, ಈ ಕಾಲದಲ್ಲಿ! ಕುವೆಂಪು ಅಂಥವರೇ ಮೈಸೂರಿನಲ್ಲಿ ಓದುವಾಗ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು, ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ನೋಡಿ ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂದರು. ನಿಮ್ಮ ಮಗಳಿಗೆ ಯಾವ ಕಸಿನ್ಸೂ ಬೇಕಾಗಿರಲಿಲ್ಲ. ಸ್ಕೂಲ್ ನೋಟ್‌ಬುಕ್ಕಿನಲ್ಲಿ ಬೇಕಾದರೆ ತಿದ್ದಿ, ಡೈರಿಯಲ್ಲಿ ಬೇಡ. ಹೊಸ ನೋಟ್‌ಬುಕ್ ತಂದುಕೊಟ್ಟು, ಅವಳು ಕರೆಯುವವರೆಗೂ ತೆರೆಯಬೇಡಿ. ಅದಕ್ಕೂ ಮೊದಲು ಸಾರಿ ಕೇಳಿ. ಮಕ್ಕಳಿಗೆ ಸಾರಿ ಕೇಳೋದು ನಮ್ಮ ಕಡೆ ರೂಢಿಯಿಲ್ಲ, ನಾನೂ ನನ್ನ ಮಗನಿಗೆ ಕೇಳಿದ್ದು ಅವನಿಗೆ ಇಪ್ಪತ್ತಾರು ತುಂಬಿದ ಮೇಲೆ. "ಯಾವ ಲೆಟರ್ ಅಪ್ಪಾ?" ಅಂದ. ಒಂದು ಚೀಟಿ ಬರೆದು ಅವಳ ದಿಂಬಿನ ಕೆಳಗಿಡಿ. ಅವಳು ಉತ್ತರ ಬರೆದರೆ ಮತ್ತೊಂದು ಬರೆಯಿರಿ. ಒತ್ತಕ್ಷರ ನಿಮ್ಮ ಚೀಟಿಗಳಲ್ಲಿ ಸರಿಯಾಗಿದ್ದರೆ ಸಾಕು, ಅವಳು ನೋಡಿಕೊಳ್ಳುತ್ತಾಳೆ.

ಫೋಟೊದಲ್ಲಿ ಇನ್ನೊಂದು ಗಮನಿಸಿದೆ. ಟ್ರೇಲರ್ ಹಿಂದೆ ನಂಬರ್ ಪ್ಲೇಟ್ ಇದೆ, ಅಲ್ಲಿ ಕೆಎ 11 ಅಂತ ಬರೆಯಲು ಹೋಗಿ ಇಂಗ್ಲಿಷ್ ಕೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದೆ. ಈ ವಯಸ್ಸಿಗೆ ಅದು ಸಹಜ, ಗಾಬರಿ ಬೇಡ. ಹನ್ನೊಂದನ್ನು ತಿರುಗಿಸಿ ಬರೆದರೂ ತಪ್ಪಾಗುವುದಿಲ್ಲ, ಮಂಡ್ಯದವರ ಅದೃಷ್ಟ. ಅದರ ಪಕ್ಕದಲ್ಲೇ ಒಂದು ಪುಟ್ಟ ಆಕೃತಿ ಇದೆ, ಕೈ ಮಾತ್ರ ಟ್ರೇಲರ್‌ನಷ್ಟೇ ಉದ್ದ, ಜಲ್ಲೆಯೊಂದನ್ನು ಹಿಡಿದು ಎಳೆಯುತ್ತಿದೆ. ಅದು ಅವನೋ, ಅಕ್ಕನೋ, ಅಥವಾ ಚಿಕ್ಕಂದಿನ ಅಪ್ಪನೋ? ಕೇಳಿ ನನಗೊಂದು ಕಾರ್ಡ್ ಹಾಕಿ. ಮಗಳು ಬರೆಯುತ್ತೇನೆ ಅಂದರೆ ಅವಳೇ ಬರೆಯಲಿ, ತಿದ್ದದೆ ಕಳಿಸಿ.

– ಸಂ.