ಅಪ್ಪನ ಜಾವಾಗೆ ಲಕ್ಷದ ಮಾತು: ಮಾರಲಾ, ಬೇಡವಾ?

ಪ್ರಶ್ನೆ: ತೀರಿಕೊಂಡ ನಮ್ಮ ತಂದೆಯ 1969ರ ಜಾವಾ ಬೈಕನ್ನು ಈಗ ನಾನೇ ತೋಟಕ್ಕೆ, ಪೇಟೆಗೆ ಓಡಿಸುತ್ತೇನೆ. ಮುಂಚೆ ಯಾರೂ ಕೇಳದ ಗಾಡಿಗೆ ಈಗ ಬೆಂಗಳೂರಿನವರು ಬಂದು ಲಕ್ಷದ ಮಾತಾಡುತ್ತಾರೆ. ಸ್ಪೇರ್ಸ್ ರೇಟಂತೂ ಕೈಗೆ ಎಟುಕುತ್ತಿಲ್ಲ. ಮಾರಲಾ, ಇಲ್ಲ ವಿಂಟೇಜ್ ಅಂತ ನೋಂದಣಿ ಮಾಡಿಸಲಾ?
– ಓದುಗರು, ಹಾಸನ

ಉತ್ತರ: ವಿಂಟೇಜ್ ನೋಂದಣಿ ನಿಮಗೆ ಬೇಡ. 2021ರ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ಅದು ಸಿಗುತ್ತದೆ, ಹೊಸದಾಗಿ ಮಾಡಿಸಲು 20,000 ರೂಪಾಯಿ ಶುಲ್ಕ. ಆಮೇಲೆ ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸೋದು ಇಂಥದ್ದಕ್ಕಷ್ಟೇ ರಸ್ತೆಗಿಳಿಸಬೇಕು. ದಿನಾ ತೋಟಕ್ಕೆ ಹೋಗುವ ಹಾಗಿಲ್ಲ. ಈಗಿನ ಆರ್‌ಸಿಯನ್ನೇ ಐದೈದು ವರ್ಷಕ್ಕೆ ರಿನ್ಯೂ ಮಾಡಿಸಿಕೊಳ್ಳಿ, ಸಾಕು.

ಇನ್ನು ರೇಟು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. 2018ರಲ್ಲಿ ಜಾವಾ ಹೆಸರು ಮತ್ತೆ ಬಂತು ನಿಜ, ಆದರೆ ಅದು ಫೋರ್ ಸ್ಟ್ರೋಕ್, ನಿಮ್ಮದು ಟೂ ಸ್ಟ್ರೋಕ್, ಎಂಜಿನ್ ರೀತಿಯೇ ಬೇರೆ, ಅದರ ಎಂಜಿನ್ ಸಾಮಾನು ನಿಮ್ಮದಕ್ಕೆ ಕೂರುವುದಿಲ್ಲ. ಹಾಗಾಗಿ ಒರಿಜಿನಲ್ ಸಾಮಾನು ಇರುವಷ್ಟೇ, ಕೇಳುವವರು ಮಾತ್ರ ಜಾಸ್ತಿ. ನನಗೆ ಸಿಟ್ಟು ಬರುವುದು ಇಲ್ಲೇ: ಓಡಿಸದೆ ಸುಮ್ನೆ ಹಾಲ್‌ನಲ್ಲಿ ನಿಲ್ಲಿಸಲು ಒಂದು ಗಾಡಿ ಮಾಡಿಸುವವರು ಅದಕ್ಕಾಗಿ ಓಡುತ್ತಿದ್ದ ಇನ್ನೊಂದು ಗಾಡಿಯನ್ನು ಬಿಚ್ಚಿಸುತ್ತಾರೆ, ಗುಜರಿಯವನೂ ಈಗ ತುಕ್ಕು ಹಿಡಿದ ಟ್ಯಾಂಕನ್ನು ತೂಕಕ್ಕೆ ಕೊಡುವುದಿಲ್ಲ, ಕೊನೆಗೆ ಪೆಟ್ಟು ತಿನ್ನುವುದು ನಿಮ್ಮಂಥ ಓಡಿಸುವವರೇ ಅಲ್ವಾ?

ನನ್ನನ್ನು ಕೇಳಿದರೆ, ದುಡ್ಡಿನ ತುರ್ತು ಇಲ್ಲದಿದ್ದರೆ ಮಾರಬೇಡಿ. ಓಡಿಸಿ. ಕ್ಲಚ್ ಪ್ಲೇಟ್, ಕೇಬಲ್ ಇವಕ್ಕೆಲ್ಲ ಲೋಕಲ್ ಸಾಮಾನು ನಡೆಯುತ್ತದೆ. ಕಿಕ್ಕರ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಈ ಗಾಡಿಯಲ್ಲಿ ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ಮಡಚಿ ಗೇರ್ ಹಾಕುವುದು, ಒಳಗಿನ ಹಲ್ಲು ಸವೆದರೆ ಕಾಲು ಜಾರಿ ಮೊಣಕಾಲಿಗೆ ಪೆಟ್ಟು ಬೀಳುತ್ತದೆ. ಬಿಚ್ಚಿದ ಹಳೇ ಸ್ಪೀಡೋಮೀಟರ್, ಕಾರ್ಬ್ಯುರೇಟರ್ ಏನನ್ನೂ ಮೆಕ್ಯಾನಿಕ್ ಹತ್ತಿರ ಬಿಟ್ಟು ಬರಬೇಡಿ. ಹೊಸ ಪೇಂಟ್ ಕೂಡ ಬೇಡ, ತಿಳಿದವರು ಮಾಸಿದ ಕಂಪನಿ ಬಣ್ಣಕ್ಕೇ ಹೆಚ್ಚು ಕೊಡುತ್ತಾರೆ.

ಮಾರಿ, ಬಿಡಿ, ಒಂದು ಕೆಲಸ ಈಗಲೇ ಮಾಡಿ. ಎಂಜಿನ್ ನಂಬರ್, ಚಾಸಿ ನಂಬರ್ ಎರಡೂ ಆರ್‌ಸಿಯಲ್ಲಿ ಇರುವಂತೆಯೇ ಇವೆಯಾ ನೋಡಿ. ಆರ್‌ಸಿ ಇನ್ನೂ ತಂದೆಯ ಹೆಸರಲ್ಲಿದ್ದರೆ ಮರಣ ಪ್ರಮಾಣಪತ್ರ ಇಟ್ಟು ಆರ್‌ಟಿಒದಲ್ಲಿ ಫಾರಂ 31 ಕೊಟ್ಟು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಅಲ್ಲಿಯವರೆಗೆ ಯಾರಿಂದಲೂ ಅಡ್ವಾನ್ಸ್ ಇಸ್ಕೊಳ್ಳಬೇಡಿ.